ಗುರು, ಶನಿ, ನೆಪ್ಚೂನ್‌ಗಳ ಒಡಲನ್ನು ಲ್ಯಾಬಿಗೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಬಿನಲ್ಲಿ ಗುರು ಗ್ರಹವನ್ನೇ ಮಾಡುತ್ತಾರಂತೆ, ನಿಜವಾ?

ಗ್ರಹವನ್ನು ಮಾಡುವುದಿಲ್ಲ. ಗ್ರಹದ ಒಳಗಿರುವ ವಸ್ತುವಿನ ಒಂದು ಚೂರನ್ನು ತೆಗೆದುಕೊಳ್ಳುತ್ತಾರೆ. ಹೈಡ್ರೋಜನ್, ಹೀಲಿಯಂ, ನೀರು, ಇಂಗಾಲ, ಇಂಥವು. ಅದನ್ನು ಗ್ರಹದ ಒಳಗೆ ಇರುವಷ್ಟೇ ಒತ್ತಡಕ್ಕೆ, ಅಷ್ಟೇ ಬಿಸಿಗೆ ತಂದು, ಆಗ ಅದು ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡುತ್ತಾರೆ. ಎಷ್ಟು ಕುಗ್ಗುತ್ತದೆ? ಕರಗುತ್ತದಾ, ಗಟ್ಟಿಯಾಗುತ್ತದಾ? ವಿದ್ಯುತ್ ಹರಿಸುತ್ತದಾ? ಪಕ್ಕದ ವಸ್ತುವಿನ ಜೊತೆ ಬೆರೆಯುತ್ತದಾ? ಒಂದು ಪ್ರಯೋಗ ಇಂಥ ಒಂದೋ ಎರಡೋ ಪ್ರಶ್ನೆಗೆ ಉತ್ತರ ಕೊಡುತ್ತದೆ, ಅಷ್ಟೇ. ಆದರೆ ಆ ಉತ್ತರ ಇಲ್ಲದೆ ಗುರುವಿನ ಒಳಗೆ ಏನಿದೆ ಅಂತ ಯಾರೂ ಹೇಳಲು ಆಗುವುದಿಲ್ಲ. ಎಷ್ಟೇ ಒಳ್ಳೆಯ ನೌಕೆ ಕಳಿಸಿದರೂ ಆಗುವುದಿಲ್ಲ.

ಯಾಕೆ ಆಗುವುದಿಲ್ಲ? ನೌಕೆ ಒಳಗೆ ಇಳಿದರೆ ಸಾಲದಾ?

ಒಂದು ಇಳಿದಿದೆ. ನಾಸಾದ ಗೆಲಿಲಿಯೋ ನೌಕೆ ಒಯ್ದಿದ್ದ ಚಿಕ್ಕ ಶೋಧಕ 1995ರ ಡಿಸೆಂಬರ್ 7ರಂದು ಗುರುವಿನ ಮೋಡಗಳ ಒಳಗೆ ಬಿತ್ತು. ಸುಮಾರು ಒಂದು ಗಂಟೆ ಮಾಹಿತಿ ಕಳಿಸಿ ಸುಮ್ಮನಾಯಿತು. ಆಗ ಅದರ ಸುತ್ತ ಇದ್ದ ಒತ್ತಡ ನಮ್ಮ ಗಾಳಿಯ ಒತ್ತಡದ ಸುಮಾರು 22 ಪಟ್ಟು ಮಾತ್ರ. ಗುರುವಿನ ನಡುವಿನ ಒತ್ತಡ ಕೋಟಿಗಳ ಲೆಕ್ಕದಲ್ಲಿದೆ, ಹಾಗಾಗಿ ಅದು ನೋಡಿದ್ದು ಬರೀ ಮೇಲಿನ ಪೊರೆಯನ್ನು.

2016ರಲ್ಲಿ ಗುರುವನ್ನು ಸುತ್ತತೊಡಗಿದ ನಾಸಾದ ಜೂನೋ ನೌಕೆ ಬೇರೆ ದಾರಿ ಹಿಡಿಯಿತು. ಅದು ಗ್ರಹದ ಗುರುತ್ವವನ್ನು ಬಹಳ ಸೂಕ್ಷ್ಮವಾಗಿ ಅಳೆದಿದೆ. ಒಳಗೆ ಎಲ್ಲೆಲ್ಲಿ ಎಷ್ಟು ದ್ರವ್ಯ ತುಂಬಿದೆ ಅನ್ನುವ ಸುಳಿವು ಅದರಿಂದ ಸಿಗುತ್ತದೆ. ತೊಡಕು ಇರುವುದು ಇಲ್ಲೇ. ಇಂಥ ಜಾಗದಲ್ಲಿ ಇಷ್ಟು ಸಾಂದ್ರತೆ ಇದೆ ಅಂತ ಗೊತ್ತಾದರೆ, ಅದು ಒತ್ತಡಕ್ಕೆ ಕುಗ್ಗಿದ ಹೈಡ್ರೋಜನ್ನೋ, ಹೈಡ್ರೋಜನ್ ಜೊತೆ ಸ್ವಲ್ಪ ಕಲ್ಲು ಬೆರೆತಿರುವುದೋ ಅಂತ ಗುರುತ್ವ ಹೇಳುವುದಿಲ್ಲ. ಹೈಡ್ರೋಜನ್ ಆ ಒತ್ತಡದಲ್ಲಿ ಎಷ್ಟು ಕುಗ್ಗುತ್ತದೆ ಅಂತ ಮೊದಲು ಗೊತ್ತಿರಬೇಕು. ಅದನ್ನು ಭೂಮಿಯ ಮೇಲೇ ಅಳೆಯಬೇಕು.

ಒಳಗೆ ಒತ್ತಡ ಎಷ್ಟು, ಬಿಸಿ ಎಷ್ಟು?

ಕೆಳಗೆ ಎಲ್ಲೆಡೆ ಒತ್ತಡವನ್ನು ಇಷ್ಟು ಪಟ್ಟು ಅಂದಾಗ, ನಮ್ಮ ಸುತ್ತಲಿನ ಗಾಳಿಯ ಒತ್ತಡದ ಇಷ್ಟು ಪಟ್ಟು ಅಂತ ಓದಿಕೊಳ್ಳಿ.

ಭೂಮಿಯ ನಟ್ಟನಡುವೆ ಸುಮಾರು 36 ಲಕ್ಷ ಪಟ್ಟು. ಯುರೇನಸ್, ನೆಪ್ಚೂನ್‌ಗಳ ನಡುವೆ ಅದರ ಸುಮಾರು ಎರಡರಷ್ಟು. ಶನಿಯಲ್ಲಿ ಒಂದು ಕೋಟಿ ಪಟ್ಟಿಗಿಂತ ಜಾಸ್ತಿ. ಗುರುವಿನಲ್ಲಿ 4ರಿಂದ 7 ಕೋಟಿ ಪಟ್ಟು ಅಂತ ಲೆಕ್ಕಗಳು ಹೇಳುತ್ತವೆ, ಬಿಸಿ ಸುಮಾರು 20,000 ಡಿಗ್ರಿ. ಗುರುವಿನ ತೂಕ 318 ಭೂಮಿಗಳಷ್ಟು. ಅದರಲ್ಲಿ ಬಹುಪಾಲು ಹೈಡ್ರೋಜನ್ ಮತ್ತು ಹೀಲಿಯಂ, ಅಂದರೆ ಇರುವುದರಲ್ಲೇ ಅತಿ ಹಗುರವಾದ ಎರಡು ಅನಿಲಗಳು. ಆ ಅನಿಲ ತನ್ನದೇ ಭಾರಕ್ಕೆ ತಾನೇ ಹೀಗೆ ಹಿಂಡಿಹೋಗಿದೆ.

ಇಷ್ಟು ಒತ್ತಡ ಲ್ಯಾಬಿನಲ್ಲಿ ಎಲ್ಲಿಂದ ತರುತ್ತಾರೆ?

ಮುಖ್ಯವಾಗಿ ಎರಡು ದಾರಿ. ಎರಡು ವಜ್ರಗಳ ನಡುವೆ ಇಟ್ಟು ಹಿಂಡುವುದು ಒಂದು, ಬಲವಾಗಿ ಹೊಡೆದು ಒಳಗೆ ಆಘಾತದ ಅಲೆ ಎಬ್ಬಿಸುವುದು ಇನ್ನೊಂದು. ಮೊದಲನೆಯದರಲ್ಲಿ ಒತ್ತಡ ಗಂಟೆಗಟ್ಟಲೆ, ದಿನಗಟ್ಟಲೆ ನಿಲ್ಲುತ್ತದೆ. ಎರಡನೆಯದು ನ್ಯಾನೋಸೆಕೆಂಡ್‌ಗಳಲ್ಲಿ (ಒಂದು ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ) ಮುಗಿದುಹೋಗುತ್ತದೆ, ಆದರೆ ವಜ್ರ ತಲುಪಲಾಗದ ಕಡೆಗೆ ಒಯ್ಯುತ್ತದೆ.

ವಜ್ರದ ಉಪಕರಣ ಹೇಗಿರುತ್ತದೆ?

ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಇಂಗ್ಲಿಷಿನಲ್ಲಿ ಡೈಮಂಡ್ ಆನ್ವಿಲ್ ಸೆಲ್ ಅನ್ನುತ್ತಾರೆ. ಎರಡು ವಜ್ರಗಳ ಮೊನೆಗಳನ್ನು ಚಪ್ಪಟೆಯಾಗಿ ಕತ್ತರಿಸಿ ಎದುರುಬದುರು ಇಡುತ್ತಾರೆ. ನಡುವೆ ತೂತಿರುವ ಲೋಹದ ತೆಳು ಹಾಳೆ, ಆ ತೂತಿನಲ್ಲಿ ನೋಡಬೇಕಾದ ವಸ್ತು. ಆಮೇಲೆ ತಿರುಪು ಬಿಗಿಯುತ್ತಾ ಹೋಗುವುದು. ಒತ್ತಡ ಅಂದರೆ ಬಲವನ್ನು ಜಾಗದಿಂದ ಭಾಗಿಸಿದ್ದು, ಅಲ್ವಾ? ಸೂಜಿ ಬಟ್ಟೆಯೊಳಗೆ ಸಲೀಸಾಗಿ ಇಳಿಯುತ್ತದೆ, ಅದೇ ಬಲದಲ್ಲಿ ಬೆರಳು ಇಳಿಯುವುದಿಲ್ಲ. ಇಲ್ಲಿಯೂ ಅಷ್ಟೇ: ವಜ್ರದ ಮೊನೆ ಕೆಲವೇ ಹತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್) ಅಗಲ ಇದ್ದರೆ, ಕೈಯಲ್ಲಿ ತಿರುಪು ತಿರುಗಿಸುವ ಬಲವೇ ಲಕ್ಷಗಟ್ಟಲೆ ಪಟ್ಟು ಒತ್ತಡವಾಗಿ ಬಿಡುತ್ತದೆ.

ಇದು ಹುಟ್ಟಿದ್ದು 1958ರ ಹೊತ್ತಿಗೆ, ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ. ಕಳ್ಳಸಾಗಣೆದಾರರಿಂದ ಸರ್ಕಾರ ವಶಪಡಿಸಿಕೊಂಡಿದ್ದ ವಜ್ರಗಳೇ ಮೊದಲ ಉಪಕರಣಕ್ಕೆ ಬಳಕೆಯಾದವು. ಮುರಿದರೂ ಪರವಾಗಿಲ್ಲ ಅನ್ನುವಂಥ ವಜ್ರಗಳು ಬೇರೆ ಎಲ್ಲಿ ಸಿಗಬೇಕು!

ವಜ್ರದ ನಿಜವಾದ ಲಾಭ ಬರೀ ಗಟ್ಟಿತನವಲ್ಲ. ಅದು ಪಾರದರ್ಶಕ. ಒಳಗೆ ಹಿಂಡುತ್ತಿರುವಾಗಲೇ ಬೆಳಕು ಹಾಯಿಸಿ ನೋಡಬಹುದು, ಲೇಸರ್ ಬಿಟ್ಟು ಕಾಯಿಸಬಹುದು, ಎಕ್ಸ್-ರೇ ಹಾಯಿಸಿ ಅಣುಗಳ ಜೋಡಣೆ ಓದಬಹುದು. ಒತ್ತಡ ಎಷ್ಟಾಯಿತು ಅಂತ ತಿಳಿಯಲು ವಸ್ತುವಿನ ಪಕ್ಕದಲ್ಲಿ ಮಾಣಿಕ್ಯದ ಒಂದು ಕಣ ಇಡುತ್ತಾರೆ. ಒತ್ತಡ ಏರಿದಂತೆ ಅದು ಸೂಸುವ ಕೆಂಪು ಬೆಳಕಿನ ತರಂಗಾಂತರ ಸರಿಯುತ್ತದೆ. ಈ ಉಪಾಯ ಬಂದಿದ್ದು 1972ರಲ್ಲಿ, ಅದೇ ಸಂಸ್ಥೆಯಿಂದ. ಅಲ್ಲಿಂದ ಮುಂದೆ ಈ ವಿದ್ಯೆ ಜಗತ್ತಿನ ಸಾಮಾನ್ಯ ಲ್ಯಾಬುಗಳಿಗೂ ಹರಡಿತು.

ವಜ್ರ ಒಡೆಯುವುದಿಲ್ವಾ?

ಒಡೆಯುತ್ತದೆ, ಆಗಾಗ. ಹೈಡ್ರೋಜನ್ ಆದರೆ ಇನ್ನೂ ಜಾಸ್ತಿ ಕಷ್ಟ, ಯಾಕೆಂದರೆ ಅದು ವಜ್ರದ ಸಣ್ಣ ಬಿರುಕುಗಳೊಳಗೆ ನುಗ್ಗಿ ಅದನ್ನು ದುರ್ಬಲ ಮಾಡುತ್ತದೆ. ಮೊನೆಗೆ ಚಪ್ಪಟೆಯ ಬದಲು ಬೇರೆ ಆಕಾರ ಕೊಟ್ಟು, ಮೇಲೆ ತೆಳುವಾದ ಲೇಪ ಹಚ್ಚಿ ಮಿತಿಯನ್ನು ಸ್ವಲ್ಪ ಸ್ವಲ್ಪವೇ ಮೇಲೆ ತಳ್ಳಿದ್ದಾರೆ. ಆದರೂ ಸಾಮಾನ್ಯ ಉಪಕರಣಗಳ ಮಿತಿ ಭೂಮಿಯ ನಡುವಿನ ಒತ್ತಡದ ಆಸುಪಾಸಿನಲ್ಲೇ ಇದೆ. ಗುರುವಿನ ಆಳಕ್ಕೆ ಇದು ಸಾಲದು.

ಹಾಗಾದರೆ ಹೊಡೆಯುವ ದಾರಿ. ಅದರಲ್ಲಿ ಏನು ಮಾಡುತ್ತಾರೆ?

ಹಳೆಯ ವಿಧಾನ ಗ್ಯಾಸ್ ಗನ್. ಹಗುರ ಅನಿಲವನ್ನು ಒತ್ತಿ ಹಿಡಿದು, ಅದರ ಬಲದಿಂದ ಲೋಹದ ತಟ್ಟೆಯೊಂದನ್ನು ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದಲ್ಲಿ ಗುರಿಗೆ ಬಡಿಯುವುದು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸ್ಯಾಂಡಿಯಾ ಲ್ಯಾಬಿನ ಜ಼ೆಡ್ ಯಂತ್ರ ಅದೇ ಕೆಲಸವನ್ನು ವಿದ್ಯುತ್ತಿನಿಂದ ಮಾಡುತ್ತದೆ, ಸುಮಾರು 2.6 ಕೋಟಿ ಆಂಪಿಯರ್ ಪ್ರವಾಹ ಹರಿಸಿ, ಅದರ ಕಾಂತಬಲದಿಂದ ತಟ್ಟೆ ತಳ್ಳುವುದು. ಮೂರನೆಯದು ಲೇಸರ್. ಗುರಿಯ ಮೇಲ್ಮೈಗೆ ಲೇಸರ್ ಬಿದ್ದಾಗ ಮೇಲಿನ ಪದರ ಆವಿಯಾಗಿ ಹೊರಕ್ಕೆ ಚಿಮ್ಮುತ್ತದೆ, ಅದರ ಹಿಮ್ಮೆಟ್ಟುವ ಬಲ ಒಳಕ್ಕೆ ಒತ್ತಡದ ಅಲೆಯಾಗಿ ಓಡುತ್ತದೆ. ರಾಚೆಸ್ಟರ್‌ನ ಒಮೆಗಾದಲ್ಲಿ 60 ಲೇಸರ್ ಕಿರಣಗಳು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿರುವ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 192.

ಜೋರಾಗಿ ಹೊಡೆದಷ್ಟೂ ಒಳ್ಳೆಯದಾ?

ಇಲ್ಲ. ಈ ಕ್ಷೇತ್ರದ ಅರ್ಧ ಜಾಣ್ಮೆ ಈ ಪ್ರಶ್ನೆಯಲ್ಲೇ ಇದೆ. ಒಂದೇ ಸಲ ಜೋರಾಗಿ ಹೊಡೆದರೆ ವಸ್ತು ಕುಗ್ಗುವುದಕ್ಕಿಂತ ಜಾಸ್ತಿ ಕಾಯುತ್ತದೆ. ಕಾದ ವಸ್ತು ಹಿಗ್ಗಲು ನೋಡುತ್ತದೆ. ಆದ್ದರಿಂದ ಎಷ್ಟು ಬಲ ಹಾಕಿದರೂ ಒಂದೇ ಹೊಡೆತದಲ್ಲಿ ಸಾಂದ್ರತೆ ಹೆಚ್ಚುಕಡಿಮೆ ನಾಲ್ಕು ಪಟ್ಟಿನ ಹತ್ತಿರ ಬಂದು ನಿಂತುಬಿಡುತ್ತದೆ, ಬಿಸಿ ಮಾತ್ರ ಏರುತ್ತಲೇ ಹೋಗುತ್ತದೆ. ಆಗ ಸಿಗುವುದು ಗ್ರಹದ ಒಳಗಲ್ಲ, ನಕ್ಷತ್ರದ ಕಡೆ ಹೊರಟ ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನ್ ಕಳಚಿಕೊಂಡ ಅತಿ ಬಿಸಿ ಅನಿಲ. ಗ್ರಹದ ಒಳಗು ಒತ್ತಡ ತುಂಬಾ ಜಾಸ್ತಿ, ಆ ಒತ್ತಡಕ್ಕೆ ಹೋಲಿಸಿದರೆ ಬಿಸಿ ಕಡಿಮೆ ಇರುವ ಜಾಗ.

ಇದಕ್ಕೆ ಎರಡು ಪರಿಹಾರ ಕಂಡುಕೊಂಡರು. ಒಂದು, ಲೇಸರಿನ ಶಕ್ತಿಯನ್ನು ಒಮ್ಮೆಲೇ ಬಿಡದೆ ನ್ಯಾನೋಸೆಕೆಂಡ್‌ಗಳ ಉದ್ದಕ್ಕೂ ಹಂತಹಂತವಾಗಿ ಏರಿಸುವುದು. ಆಗ ಆಘಾತದ ಅಲೆ ಹುಟ್ಟುವುದಿಲ್ಲ, ವಸ್ತು ನಯವಾಗಿ ಹಿಂಡಿಕೊಳ್ಳುತ್ತದೆ, ಬಿಸಿ ಹತೋಟಿಯಲ್ಲಿರುತ್ತದೆ. 2014ರಲ್ಲಿ ಲಿವರ್‌ಮೋರ್ ತಂಡ 176 ಕಿರಣಗಳಿಂದ ವಜ್ರವನ್ನು ಹೀಗೆ ಹಿಂಡಿ ಸುಮಾರು 5 ಕೋಟಿ ಪಟ್ಟು ಒತ್ತಡಕ್ಕೆ ಒಯ್ದಿತು, ಗುರುವಿನ ನಡುವಿಗೆ ಹೇಳುವ ಲೆಕ್ಕದ ಒಳಗೇ. ಆ ಕ್ಷಣದಲ್ಲಿ ವಜ್ರದ ಸಾಂದ್ರತೆ ಸೀಸಕ್ಕಿಂತ ಹೆಚ್ಚಾಗಿತ್ತು. ಅದೇ ಲ್ಯಾಬಿನಲ್ಲಿ 2021ರ ಪ್ರಯೋಗ ಇನ್ನೊಂದು ಅಚ್ಚರಿ ತೋರಿಸಿತು: 2 ಕೋಟಿ ಪಟ್ಟು ಒತ್ತಡದವರೆಗೂ ಇಂಗಾಲ ವಜ್ರದ ಜೋಡಣೆಯನ್ನು ಬಿಡಲೇ ಇಲ್ಲ. ಅದಕ್ಕೂ ಮೊದಲೇ ಬೇರೆ ರೂಪಕ್ಕೆ ಬದಲಾಗಬೇಕು ಅಂತ ಲೆಕ್ಕಗಳು ಹೇಳುತ್ತಿದ್ದವು.

ಎರಡನೆಯ ಪರಿಹಾರ ನನಗೆ ಇನ್ನೂ ಇಷ್ಟ. ವಸ್ತುವನ್ನು ಮೊದಲು ವಜ್ರಗಳ ನಡುವೆ ಹಿಂಡಿ, ಆ ಹಿಂಡಿದ ಸ್ಥಿತಿಯಲ್ಲೇ ವಜ್ರದ ಸಮೇತ ಲೇಸರಿನ ಮುಂದೆ ಇಟ್ಟು ಹೊಡೆಯುವುದು. ಆರಂಭವೇ ದಟ್ಟವಾಗಿರುವುದರಿಂದ ಬಿಸಿ ಕಡಿಮೆ ಏರುತ್ತದೆ, ಸಾಂದ್ರತೆ ಜಾಸ್ತಿ ಸಿಗುತ್ತದೆ. ಪ್ರತಿ ಹೊಡೆತಕ್ಕೂ ವಜ್ರ ಪುಡಿಯಾಗುತ್ತದೆ. ಮುಂದೆ ಹೇಳುವ ಹೀಲಿಯಂ ಮಳೆ ಮತ್ತು ಬಿಸಿ ಮಂಜುಗಡ್ಡೆಯ ಸುಳಿವು, ಎರಡೂ ಹೀಗೇ ಸಿಕ್ಕಿದ್ದು.

ನ್ಯಾನೋಸೆಕೆಂಡಿನಲ್ಲಿ ಏನನ್ನು ಅಳೆಯಲು ಸಾಧ್ಯ?

ಬಹಳಷ್ಟು. ಗುರಿಯ ಮೇಲೆ ಇನ್ನೊಂದು ಮಂದ ಲೇಸರ್ ಬಿಟ್ಟು, ಹಿಂದಿರುಗುವ ಬೆಳಕಿನಿಂದ ಅಲೆ ಎಷ್ಟು ವೇಗದಲ್ಲಿ ಓಡುತ್ತಿದೆ ಅಂತ ಅಳೆಯುತ್ತಾರೆ. ಆ ವೇಗದಿಂದ ಒತ್ತಡ, ಸಾಂದ್ರತೆ ಲೆಕ್ಕ ಸಿಗುತ್ತದೆ. ಎಷ್ಟು ಬೆಳಕು ಹಿಂದಿರುಗಿತು ಅನ್ನುವುದೂ ಮುಖ್ಯ, ಯಾಕೆಂದರೆ ವಸ್ತು ಲೋಹವಾದ ಕೂಡಲೇ ಹೊಳೆಯುತ್ತದೆ. ಅದು ಸೂಸುವ ಬೆಳಕಿನಿಂದ ಬಿಸಿ ಗೊತ್ತಾಗುತ್ತದೆ. ಅದೇ ಹೊತ್ತಿಗೆ ಎಕ್ಸ್-ರೇ ಮಿಂಚು ಹಾಯಿಸಿದರೆ ಪರಮಾಣುಗಳು ಹೇಗೆ ಜೋಡಿಕೊಂಡಿವೆ ಅನ್ನುವ ಚಿತ್ರವೂ ಸಿಗುತ್ತದೆ.

"ಇಷ್ಟು ಕಡಿಮೆ ಹೊತ್ತಿನಲ್ಲಿ ವಸ್ತು ನಿಜವಾಗಿ ಬದಲಾಗಿರುತ್ತದಾ?" ಅನ್ನುವುದು ನ್ಯಾಯವಾದ ಅನುಮಾನ. ಪರಮಾಣುಗಳ ಲೆಕ್ಕದಲ್ಲಿ ನ್ಯಾನೋಸೆಕೆಂಡ್ ದೊಡ್ಡ ಕಾಲ. ಅಷ್ಟರಲ್ಲಿ ಅವು ಸಾವಿರಾರು ಸಲ ಕಂಪಿಸಿರುತ್ತವೆ. ಕರಗುವುದು, ಲೋಹವಾಗುವುದು ಇಂಥವಕ್ಕೆ ಸಾಮಾನ್ಯವಾಗಿ ಸಾಕು. ಆದರೆ ಎರಡು ವಸ್ತು ಬೇರೆಯಾಗುವುದು, ಹರಳು ಬೆಳೆಯುವುದು ನಿಧಾನದ ಕೆಲಸ. ಅಲ್ಲಿ ನಿಧಾನದ ಪ್ರಯೋಗವೂ ವೇಗದ ಪ್ರಯೋಗವೂ ಬೇರೆ ಬೇರೆ ಉತ್ತರ ಕೊಟ್ಟದ್ದುಂಟು. ವಜ್ರದ ಮಳೆಯ ವಿಷಯದಲ್ಲಿ ಅದೇ ಆಯಿತು.

ಲೋಹದ ಹೈಡ್ರೋಜನ್ ಕೊನೆಗೂ ಸಿಕ್ಕಿತಾ?

ದ್ರವ ರೂಪದಲ್ಲಿ ಸಿಕ್ಕಿದೆ. ಘನ ರೂಪದ ಬಗ್ಗೆ ವಾದ ಇನ್ನೂ ಮುಗಿದಿಲ್ಲ.

1935ರಲ್ಲಿ ಯೂಜೀನ್ ವಿಗ್ನರ್ ಮತ್ತು ಹಿಲರ್ಡ್ ಹಂಟಿಂಗ್ಟನ್ ಒಂದು ಲೆಕ್ಕ ಹಾಕಿದರು. ಸಾಕಷ್ಟು ಹಿಂಡಿದರೆ ಹೈಡ್ರೋಜನ್ ಅಣುಗಳು ಒಡೆದು, ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ, ಅದು ಲೋಹವಾಗಬೇಕು, ಸುಮಾರು 2.5 ಲಕ್ಷ ಪಟ್ಟು ಒತ್ತಡ ಸಾಕಾಗಬಹುದು ಅಂದರು. ವಿಚಾರ ಸರಿ ಇತ್ತು. ಬೇಕಾದ ಒತ್ತಡ ಮಾತ್ರ ಅವರು ಹೇಳಿದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಅಂತ ಆಮೇಲೆ ಗೊತ್ತಾಯಿತು.

1996ರಲ್ಲಿ ಲಿವರ್‌ಮೋರ್‌ನ ವೀರ್, ಮಿಚೆಲ್, ನೆಲಿಸ್ ಗ್ಯಾಸ್ ಗನ್ ಬಳಸಿ ದ್ರವ ಹೈಡ್ರೋಜನನ್ನು ಹಲವು ಸಲ ಮರಳಿ ಮರಳಿ ಬಡಿಯುವ ಅಲೆಗಳಿಂದ ಹಿಂಡಿದರು. ಸುಮಾರು 14 ಲಕ್ಷ ಪಟ್ಟು ಒತ್ತಡ, 3,000 ಡಿಗ್ರಿ ಬಿಸಿಯಲ್ಲಿ ಅದು ಲೋಹದಂತೆ ವಿದ್ಯುತ್ ಹರಿಸಿತು. ಗುರುವಿನ ದೃಷ್ಟಿಯಿಂದ ಇದೇ ದೊಡ್ಡ ಸುದ್ದಿ, ಏಕೆಂದರೆ ಗುರುವಿನ ಒಳಗಿರುವುದೂ ಬಿಸಿ ದ್ರವವೇ. ಮೋಡಗಳಿಂದ ಕೆಳಗೆ, ಗ್ರಹದ ತ್ರಿಜ್ಯದ ಹತ್ತರಲ್ಲಿ ಒಂದೆರಡು ಭಾಗ ಇಳಿದರೆ ಸಾಕು, ಈ ಲೋಹದ ಸಮುದ್ರ ಶುರುವಾಗುತ್ತದೆ. ಗುರುವಿನ ಭಾರೀ ಕಾಂತಕ್ಷೇತ್ರ ಹುಟ್ಟುವುದು ಅಲ್ಲೇ.

ಆಮೇಲಿನ ಕೆಲಸ, ಈ ಬದಲಾವಣೆ ಒಮ್ಮೆಲೇ ಆಗುತ್ತದಾ, ನಿಧಾನಕ್ಕೆ ಆಗುತ್ತದಾ, ಎಷ್ಟು ಒತ್ತಡದಲ್ಲಿ ಅನ್ನುವುದರ ಮೇಲೆ. 2015ರಲ್ಲಿ ಸ್ಯಾಂಡಿಯಾದ ಜ಼ೆಡ್ ಯಂತ್ರದಲ್ಲಿ ಬದಲಾವಣೆ ಸುಮಾರು 30 ಲಕ್ಷ ಪಟ್ಟಿನ ಹತ್ತಿರ ಕಂಡಿತು. 2018ರಲ್ಲಿ ಲಿವರ್‌ಮೋರ್‌ನ ಲೇಸರ್ ಪ್ರಯೋಗದಲ್ಲಿ ಅದು ಸುಮಾರು 20 ಲಕ್ಷ ಪಟ್ಟಿನಲ್ಲೇ ಕಂಡಿತು. ಎರಡರಲ್ಲೂ ಬಿಸಿ ಎಷ್ಟಿತ್ತು, ಲೋಹವಾಯಿತು ಅಂತ ಯಾವ ಗುರುತಿನಿಂದ ಹೇಳಬೇಕು, ಇದರ ಮೇಲೆ ಚರ್ಚೆ ನಡೆಯುತ್ತಲೇ ಇದೆ.

ತಣ್ಣನೆಯ ಘನ ಲೋಹದ ಕಥೆ ಬೇರೆ. 2017ರಲ್ಲಿ ಹಾರ್ವರ್ಡ್‌ನ ಐಸಾಕ್ ಸಿಲ್ವೆರಾ ಮತ್ತು ರಂಗ ಡಯಾಸ್ ಸುಮಾರು 49 ಲಕ್ಷ ಪಟ್ಟು ಒತ್ತಡದಲ್ಲಿ ವಜ್ರಗಳ ನಡುವೆ ಹೊಳೆಯುವ ಹೈಡ್ರೋಜನ್ ಕಂಡಿತು ಅಂತ ಪ್ರಕಟಿಸಿದರು. ಒತ್ತಡ ಅಳೆದ ರೀತಿಯ ಬಗ್ಗೆ, ಹೊಳಪು ಹೈಡ್ರೋಜನ್ನಿನದೋ ವಜ್ರಕ್ಕೆ ಬಳಿದ ಲೇಪದ್ದೋ ಅನ್ನುವುದರ ಬಗ್ಗೆ ಬೇರೆ ತಂಡಗಳು ಗಟ್ಟಿ ಪ್ರಶ್ನೆ ಎತ್ತಿದವು. ಮರುಪರೀಕ್ಷೆಗೆ ಅವಕಾಶ ಸಿಗುವ ಮೊದಲೇ ವಜ್ರ ಒಡೆದು ಮಾದರಿ ಕಳೆದುಹೋಯಿತು. 2020ರಲ್ಲಿ ಫ್ರಾನ್ಸಿನ ಪಾಲ್ ಲುಬೇರ್ ತಂಡ ಸುಮಾರು 42 ಲಕ್ಷ ಪಟ್ಟಿನಲ್ಲಿ, ಹೈಡ್ರೋಜನ್ ಇನ್ಫ್ರಾರೆಡ್ ಬೆಳಕನ್ನು ಒಮ್ಮೆಲೇ ತಡೆದು ನಿಲ್ಲಿಸಿದ್ದನ್ನು ತೋರಿಸಿತು. ಒತ್ತಡ ಇಳಿಸಿದಾಗ ಅದು ಮತ್ತೆ ಮೊದಲಿನಂತಾಯಿತು. ನನ್ನ ಮಟ್ಟಿಗೆ ಇದೇ ಹೆಚ್ಚು ನಂಬಬಹುದಾದ ಅಳತೆ, ಆ ತಂಡ ಕೂಡ "ಬಹುಶಃ ಲೋಹ" ಅನ್ನುವ ಎಚ್ಚರದಲ್ಲೇ ಬರೆಯಿತು.

ಕೆಲವು ಕಡೆ ಹೈಡ್ರೋಜನ್ ಬದಲು ಡ್ಯೂಟೀರಿಯಂ ಬಳಸುತ್ತಾರಲ್ಲ, ಯಾಕೆ?

ಡ್ಯೂಟೀರಿಯಂ ಕೂಡ ಹೈಡ್ರೋಜನ್ನೇ, ತೂಕ ಎರಡರಷ್ಟು. ಎಲೆಕ್ಟ್ರಾನ್‌ಗಳ ನಡವಳಿಕೆ ಹೆಚ್ಚುಕಡಿಮೆ ಒಂದೇ. ಆರಂಭದ ಸಾಂದ್ರತೆ ಜಾಸ್ತಿ ಇರುವುದರಿಂದ ಆಘಾತದ ಅಲೆಯಲ್ಲಿ ಹೆಚ್ಚು ಒತ್ತಡ ಸಿಗುತ್ತದೆ.

ಲ್ಯಾಬಿನ ಒಂದು ಅಳತೆ ತಪ್ಪಾದರೆ ಗ್ರಹದ ಬಗ್ಗೆ ನಮಗೆ ಗೊತ್ತಿರುವುದು ಬದಲಾಗುತ್ತದಾ?

ಪೂರ್ತಿ ಬದಲಾಗುತ್ತದೆ. 1990ರ ದಶಕದ ಕೊನೆಯಲ್ಲಿ ಲಿವರ್‌ಮೋರ್‌ನ ನೋವಾ ಲೇಸರ್ ಪ್ರಯೋಗಗಳು, ಸುಮಾರು 10 ಲಕ್ಷ ಪಟ್ಟು ಒತ್ತಡದ ಹತ್ತಿರ ಡ್ಯೂಟೀರಿಯಂ ಸುಮಾರು ಆರು ಪಟ್ಟು ಕುಗ್ಗುತ್ತದೆ ಅಂದವು. ಎಲ್ಲರೂ ಲೆಕ್ಕ ಹಾಕಿದ್ದಕ್ಕಿಂತ ಇದು ತುಂಬಾ ಜಾಸ್ತಿ. ಹೈಡ್ರೋಜನ್ ಇಷ್ಟು ಸುಲಭವಾಗಿ ಕುಗ್ಗುವುದಾದರೆ ಗುರುವಿನ ತೂಕವನ್ನು ಅದೇ ಬಹಳಷ್ಟು ತುಂಬಿಬಿಡುತ್ತದೆ, ನಡುವೆ ಕಲ್ಲಿನ ತಿರುಳು ಬೇಕಾಗಿಯೇ ಇಲ್ಲದಿರಬಹುದು. 2001ರಲ್ಲಿ ಸ್ಯಾಂಡಿಯಾ ತಂಡ ಜ಼ೆಡ್ ಯಂತ್ರದಲ್ಲಿ ಅದೇ ಅಳತೆ ಮಾಡಿದಾಗ ನಾಲ್ಕು ಪಟ್ಟಿನ ಹತ್ತಿರ ಮಾತ್ರ ಬಂತು. ರಷ್ಯಾದಲ್ಲಿ ಸ್ಫೋಟಕಗಳಿಂದ ಮಾಡಿದ ಪ್ರಯೋಗವೂ ಸ್ಯಾಂಡಿಯಾದ ಕಡೆಗೇ ವಾಲಿತು. ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ ಕಡಿಮೆ ಕುಗ್ಗುವ ಅಳತೆಯೇ ನಿಂತಿತು.

ಆ ವಾದದ ನಡುವೆ, 2004ರಲ್ಲಿ, ಡಿಡಿಯೆ ಸೋಮೊನ್ ಮತ್ತು ಟ್ರಿಸ್ಟನ್ ಗಿಯೋ ಈ ಬೇರೆ ಬೇರೆ ಅಳತೆಗಳನ್ನು ಗುರುವಿನ ಮಾದರಿಗೆ ಹಾಕಿ ನೋಡಿದರು. ಯಾವ ಅಳತೆ ನಂಬುತ್ತೀರಿ ಅನ್ನುವುದರ ಮೇಲೆ ಗುರುವಿನ ತಿರುಳು ಶೂನ್ಯದಿಂದ ಸುಮಾರು 11 ಭೂಮಿಗಳಷ್ಟು ತೂಕದವರೆಗೆ ಎಲ್ಲಿ ಬೇಕಾದರೂ ಇರಬಹುದಿತ್ತು. ತಿರುಳು ಇದೆಯೋ ಇಲ್ಲವೋ ಅನ್ನುವುದು ಗುರು ಹೇಗೆ ಹುಟ್ಟಿತು ಅನ್ನುವ ಪ್ರಶ್ನೆಗೆ ಸೇರಿದ್ದು. ಅಷ್ಟು ದೊಡ್ಡ ಪ್ರಶ್ನೆ ಒಂದು ಚಿಟಿಕೆಯಷ್ಟೂ ಇಲ್ಲದ ಡ್ಯೂಟೀರಿಯಂ ಎಷ್ಟು ಕುಗ್ಗಿತು ಅನ್ನುವುದರ ಮೇಲೆ ನಿಂತಿತ್ತು. ಈ ಪ್ರಯೋಗಗಳು ಯಾಕೆ ಬೇಕು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಶನಿಯ ಹೀಲಿಯಂ ಮಳೆ ಅಂದರೆ ಏನು?

ಶನಿ ಸೂರ್ಯನಿಂದ ಪಡೆಯುವುದಕ್ಕಿಂತ ಬಹಳ ಜಾಸ್ತಿ ಶಾಖ ಹೊರಗೆ ಬಿಡುತ್ತದೆ. ಹುಟ್ಟಿದಾಗಿನ ಬಿಸಿ ನಿಧಾನಕ್ಕೆ ಆರುತ್ತಿದೆ ಅನ್ನೋಣವೆಂದರೆ, ಇಷ್ಟು ಹೊತ್ತಿಗೆ ಅದು ಇನ್ನೂ ತಣ್ಣಗಾಗಿರಬೇಕಿತ್ತು. 1977ರಲ್ಲಿ ಡೇವಿಡ್ ಸ್ಟೀವನ್ಸನ್ ಮತ್ತು ಎಡ್ವಿನ್ ಸಾಲ್‌ಪೀಟರ್ ಒಂದು ವಿವರಣೆ ಬೆಳೆಸಿದರು. ಹೈಡ್ರೋಜನ್ ಲೋಹವಾದ ಮೇಲೆ ಹೀಲಿಯಂ ಅದರಲ್ಲಿ ಬೆರೆತು ನಿಲ್ಲಲಾರದು. ಹನಿಗಳಾಗಿ ಬೇರ್ಪಟ್ಟು, ಭಾರ ಜಾಸ್ತಿಯಾದ್ದರಿಂದ ಆಳಕ್ಕೆ ಇಳಿಯುತ್ತದೆ. ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯೇ ಶನಿಯನ್ನು ಬೆಚ್ಚಗಿಟ್ಟಿದೆ.

ಕಾಗದದ ಮೇಲೆ ಚೆನ್ನಾಗಿತ್ತು. ಗೆಲಿಲಿಯೋ ಶೋಧಕದಿಂದ ಪರೋಕ್ಷ ಸಾಕ್ಷಿಯೂ ಬಂತು: ಗುರುವಿನ ಮೇಲ್ಪದರದಲ್ಲಿ ಹೀಲಿಯಂ ನಿರೀಕ್ಷೆಗಿಂತ ಸ್ವಲ್ಪ ಕಡಿಮೆ, ನಿಯಾನ್ ಅಂತೂ ತುಂಬಾ ಕಡಿಮೆ. ನಿಯಾನ್ ಹೀಲಿಯಂ ಹನಿಗಳಲ್ಲಿ ಕರಗಿ ಅದರ ಜೊತೆ ಕೆಳಗೆ ಹೋಗಿದೆ ಅನ್ನುವುದು ಇದಕ್ಕೆ ಹೊಂದುವ ಉತ್ತರ. ಆದರೆ ಹೈಡ್ರೋಜನ್ ಮತ್ತು ಹೀಲಿಯಂ ಆ ಒತ್ತಡದಲ್ಲಿ ನಿಜಕ್ಕೂ ಬೇರೆಯಾಗುತ್ತವಾ ಅಂತ ಯಾರೂ ನೋಡಿರಲಿಲ್ಲ. ನೋಡುವುದು ಕಷ್ಟ, ಏಕೆಂದರೆ ಮಾಮೂಲಿ ಸ್ಥಿತಿಯಲ್ಲಿ ಇವೆರಡನ್ನೂ ಒಂದೇ ದಟ್ಟ ಮಿಶ್ರಣವಾಗಿ ಹಿಡಿದಿಡುವುದೇ ಆಗುವುದಿಲ್ಲ. ಹೀಲಿಯಂ ದ್ರವವಾಗುವಷ್ಟು ತಣ್ಣಗೆ ಮಾಡಿದರೆ ಹೈಡ್ರೋಜನ್ ಗಟ್ಟಿಯಾಗಿಬಿಡುತ್ತದೆ.

ಫ್ರಾನ್ಸಿನ ಸ್ಟೆಫನಿ ಬ್ರೀಗೂ, ಪಾಲ್ ಲುಬೇರ್, ಲಿವರ್‌ಮೋರ್‌ನ ಮಾರಿಯಸ್ ಮಿಯೋ ಮತ್ತವರ ಜೊತೆಗಾರರು ಎರಡನ್ನೂ ವಜ್ರಗಳ ನಡುವೆ ಸುಮಾರು 40,000 ಪಟ್ಟು ಒತ್ತಡದಲ್ಲಿ ಒಂದಾಗಿ ಹಿಡಿದರು. ಆ ವಜ್ರಗಳನ್ನು ಒಮೆಗಾ ಲೇಸರಿನ ಮುಂದೆ ಇಟ್ಟು ಹೊಡೆದರು. ಹೊಡೆತದ ಬಲ ಬದಲಿಸುತ್ತಾ ಹೋದಂತೆ ಮಿಶ್ರಣದ ಹೊಳಪು ಒಂದು ಕಡೆ ತಟ್ಟನೆ ಬದಲಾಯಿತು, ಬೆರೆತ ಮಿಶ್ರಣದಿಂದ ಬರಬೇಕಾದ ಹೊಳಪು ಅದಾಗಿರಲಿಲ್ಲ. ಬೇರ್ಪಡುವಿಕೆಯ ಗುರುತು ಅದು. 2021ರಲ್ಲಿ ಪ್ರಕಟವಾದ ಈ ಫಲಿತಾಂಶದ ಪ್ರಕಾರ ಸುಮಾರು 15 ಲಕ್ಷ ಪಟ್ಟು ಒತ್ತಡದಲ್ಲಿ 10,000 ಡಿಗ್ರಿವರೆಗೂ ಇವು ಬೆರೆಯದೆ ಉಳಿಯಬಲ್ಲವು. ಅಂದರೆ ಶನಿ ಮಾತ್ರವಲ್ಲ, ಗುರುವಿನಲ್ಲೂ ತ್ರಿಜ್ಯದ ಸುಮಾರು 15 ಶೇಕಡಾ ಅಗಲದ ಪಟ್ಟಿಯಲ್ಲಿ ಹೀಲಿಯಂ ಬೇರ್ಪಡಬಹುದು. ಲೆಕ್ಕಗಳು ಹೇಳಿದ್ದಕ್ಕಿಂತ ಈ ಬಿಸಿ ಜಾಸ್ತಿ. ಆದ್ದರಿಂದ ವಿಷಯ ಮುಗಿಯಿತು ಅನ್ನುವುದಕ್ಕಿಂತ ಚರ್ಚೆ ಬಿಗಿಯಾಯಿತು ಅನ್ನುವುದೇ ಸರಿ. ಆದರೂ ಲೋಹದ ಹೈಡ್ರೋಜನ್ ಓಟದ ಸುದ್ದಿಗಿಂತ ಈ ಪ್ರಯೋಗಕ್ಕೆ ಹೆಚ್ಚು ಜನರ ಗಮನ ಸಿಗಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ನೆಪ್ಚೂನ್‌ನಲ್ಲಿ ವಜ್ರದ ಮಳೆ ಬೀಳುತ್ತದೆ ಅನ್ನುವುದು ನಿಜವಾ, ಸುಮ್ನೆ ಸುದ್ದಿಯಾ?

ಸುಮ್ನೆ ಸುದ್ದಿಯಲ್ಲ. ಅಲ್ಲಿ ಬೀಳುವುದನ್ನು ಯಾರೂ ಕಂಡಿಲ್ಲ, ಆದರೆ ಅಂಥ ಸ್ಥಿತಿಯಲ್ಲಿ ವಜ್ರ ಹುಟ್ಟುತ್ತದೆ ಅನ್ನುವುದಕ್ಕೆ ಲ್ಯಾಬಿನ ಸಾಕ್ಷಿ ಇದೆ.

ಯುರೇನಸ್, ನೆಪ್ಚೂನ್‌ಗಳಲ್ಲಿ ನೀರು, ಅಮೋನಿಯಾ, ಮೀಥೇನ್ ಜಾಸ್ತಿ. ಮೀಥೇನ್ ಒಡೆದರೆ ಇಂಗಾಲ ಬಿಡುಗಡೆಯಾಗಿ ವಜ್ರವಾಗಬಹುದು ಅಂತ 1981ರಲ್ಲಿ ಮಾರ್ವಿನ್ ರಾಸ್ ಬರೆದರು. 1999ರಲ್ಲಿ ಬರ್ಕ್ಲಿಯ ತಂಡ ಮೀಥೇನನ್ನು ವಜ್ರಗಳ ನಡುವೆ ಹಿಂಡಿ ಲೇಸರಿನಿಂದ ಕಾಯಿಸಿದಾಗ ವಜ್ರದ ಕಣಗಳು ಕಂಡವು. 2017ರಲ್ಲಿ ಡೊಮಿನಿಕ್ ಕ್ರೌಸ್ ತಂಡ ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಲ್ಯಾಬಿನಲ್ಲಿ ಪಾಲಿಸ್ಟೈರೀನ್ ತೆಗೆದುಕೊಂಡಿತು, ಇಂಗಾಲ ಮತ್ತು ಹೈಡ್ರೋಜನ್ ಎರಡೇ ಇರುವ ಮಾಮೂಲಿ ಪ್ಲಾಸ್ಟಿಕ್. ಒಂದರ ಹಿಂದೆ ಒಂದು ಎರಡು ಆಘಾತದ ಅಲೆ ಕಳಿಸಿ, ಅವು ಸೇರುವ ಕ್ಷಣಕ್ಕೆ ಸರಿಯಾಗಿ ಎಕ್ಸ್-ರೇ ಲೇಸರ್ ಹಾಯಿಸಿದರು. ಸುಮಾರು 15 ಲಕ್ಷ ಪಟ್ಟು ಒತ್ತಡ, 5,000 ಡಿಗ್ರಿ. ನ್ಯಾನೋಮೀಟರ್ ಗಾತ್ರದ ವಜ್ರಗಳು ಹುಟ್ಟುವುದು ಹುಟ್ಟುವಾಗಲೇ ಕಂಡಿತು. 2022ರಲ್ಲಿ ಅದೇ ಬಳಗ ನೀರಿನ ಬಾಟಲಿಗೆ ಬಳಸುವ ಪೆಟ್ ಪ್ಲಾಸ್ಟಿಕ್ ತೆಗೆದುಕೊಂಡಿತು, ಅದರಲ್ಲಿ ಆಮ್ಲಜನಕವೂ ಇರುವುದರಿಂದ. ಆಮ್ಲಜನಕ ಇದ್ದರೂ ವಜ್ರ ಹುಟ್ಟಿತು.

ಈಗ ನಿಧಾನದ ಪ್ರಯೋಗದ ಮಾತು. 2024ರಲ್ಲಿ ಮಂಗೋ ಫ್ರಾಸ್ಟ್ ಮುಂದಾಳತ್ವದ ತಂಡ ಜರ್ಮನಿಯ ಎಕ್ಸ್-ರೇ ಲೇಸರ್ ಕೇಂದ್ರ ಯುರೋಪಿಯನ್ ಎಕ್ಸ್‌ಫೆಲ್‌ನಲ್ಲಿ ಪಾಲಿಸ್ಟೈರೀನನ್ನು ವಜ್ರಗಳ ನಡುವೆ ಹಿಂಡಿ, ಎಕ್ಸ್-ರೇ ಬಡಿತಗಳಿಂದಲೇ ಕಾಯಿಸಿತು. ಒತ್ತಡ ಬರೀ ಎರಡು-ಎರಡೂವರೆ ಲಕ್ಷ ಪಟ್ಟು, ಬಿಸಿ 2,500 ಡಿಗ್ರಿಗಿಂತ ಮೇಲೆ. ಅಷ್ಟಕ್ಕೇ ವಜ್ರ ಹುಟ್ಟಿತು. ಸಮಯ ಕೊಟ್ಟರೆ ಕಡಿಮೆ ಒತ್ತಡದಲ್ಲೇ ಆಗುತ್ತದೆ ಅಂತಾಯಿತು. ಗ್ರಹಕ್ಕೆ ಸಮಯದ ಕೊರತೆ ಇಲ್ಲವಲ್ಲ. ಹಾಗಾಗಿ ವಜ್ರದ ಮಳೆ ಮೊದಲು ಅಂದುಕೊಂಡದ್ದಕ್ಕಿಂತ ಮೇಲಿನ ಪದರದಲ್ಲೇ ಶುರುವಾಗಬಹುದು.

ಅದನ್ನು ತಂದು ಮಾರಬಹುದಾ?

ಆಗದು. ಲ್ಯಾಬಿನಲ್ಲಿ ಹುಟ್ಟುವುದು ಕಣ್ಣಿಗೆ ಕಾಣದ ಕಣಗಳು, ಗ್ರಹದ ವಜ್ರ ಸಾವಿರಾರು ಕಿಲೋಮೀಟರ್ ಆಳದಲ್ಲಿ.

ಬಿಸಿಯಾದ ಕಪ್ಪು ಮಂಜುಗಡ್ಡೆ ಅಂತ ಓದಿದೆ. ಇದೇನು?

ನೀರಿನ ಅಣುವಿನಲ್ಲಿ ಒಂದು ಆಮ್ಲಜನಕ, ಎರಡು ಹೈಡ್ರೋಜನ್. ಅತಿ ಒತ್ತಡ ಮತ್ತು ಸಾವಿರಾರು ಡಿಗ್ರಿ ಬಿಸಿಯಲ್ಲಿ ಆಮ್ಲಜನಕಗಳು ತಮ್ಮ ತಮ್ಮ ಜಾಗದಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ, ಹೈಡ್ರೋಜನ್‌ಗಳು ಮಾತ್ರ ಬಿಡುಗಡೆಯಾಗಿ ಅವುಗಳ ನಡುವೆ ಓಡಾಡುತ್ತವೆ. ಅರ್ಧ ಘನ, ಅರ್ಧ ದ್ರವ. ಇದನ್ನು ಸೂಪರ್ ಅಯಾನಿಕ್ ಮಂಜುಗಡ್ಡೆ ಅನ್ನುತ್ತಾರೆ. 1988ರಲ್ಲೇ ಕಂಪ್ಯೂಟರ್ ಲೆಕ್ಕದಲ್ಲಿ ಕಂಡಿತ್ತು. 2018ರಲ್ಲಿ ಮಿಯೋ ತಂಡ ಒಮೆಗಾ ಲೇಸರಿನಲ್ಲಿ ಮೊದಲ ಪ್ರಯೋಗದ ಸುಳಿವು ಹಿಡಿಯಿತು, ಸುಮಾರು 19 ಲಕ್ಷ ಪಟ್ಟು ಒತ್ತಡದಲ್ಲಿ ಅದು 5,000 ಡಿಗ್ರಿ ಹತ್ತಿರ ಕರಗಿತು. 2019ರಲ್ಲಿ ಎಕ್ಸ್-ರೇಯಿಂದ ಆಮ್ಲಜನಕಗಳ ಜೋಡಣೆಯನ್ನೇ ಓದಿದರು.

ಇದು ಯಾಕೆ ಮುಖ್ಯ? ವಾಯೇಜರ್ 2 ನೌಕೆ 1986ರಲ್ಲಿ ಯುರೇನಸ್, 1989ರಲ್ಲಿ ನೆಪ್ಚೂನ್ ಪಕ್ಕ ಹಾದುಹೋದಾಗ ಅವುಗಳ ಕಾಂತಕ್ಷೇತ್ರ ವಿಚಿತ್ರವಾಗಿ ಕಂಡಿತ್ತು. ಭೂಮಿ, ಗುರುಗಳಲ್ಲಿ ಕಾಂತ ಅಕ್ಷ ತಿರುಗುವ ಅಕ್ಷದ ಹತ್ತಿರವೇ ಇರುತ್ತದೆ. ಯುರೇನಸ್‌ನಲ್ಲಿ ಅದು 59 ಡಿಗ್ರಿ, ನೆಪ್ಚೂನ್‌ನಲ್ಲಿ 47 ಡಿಗ್ರಿ ವಾಲಿದೆ, ಮೇಲಾಗಿ ನಡುವಿನಿಂದ ಪಕ್ಕಕ್ಕೆ ಸರಿದಿದೆ. ಒಳಗೆ ದೊಡ್ಡ ಭಾಗ ಘನವಾಗಿದ್ದು, ಮೇಲಿನ ತೆಳು ದ್ರವ ಪದರದಲ್ಲಿ ಮಾತ್ರ ವಿದ್ಯುತ್ ಸುಳಿಗಳು ಎದ್ದರೆ ಇಂಥ ಕ್ಷೇತ್ರ ಹುಟ್ಟಬಹುದು ಅಂತ ಮಾದರಿಗಳು ತೋರಿಸುತ್ತವೆ. 5,000 ಡಿಗ್ರಿವರೆಗೂ ಕರಗದ ಮಂಜುಗಡ್ಡೆ ಇರುವುದಾದರೆ, ಆ ಘನ ಭಾಗಕ್ಕೆ ಅದು ಸರಿಯಾದ ಅಭ್ಯರ್ಥಿ.

ಗುರುವಿನ ಪಟ್ಟೆಗಳು, ಗಾಳಿ, ಇವನ್ನೂ ಲ್ಯಾಬಿನಲ್ಲಿ ನೋಡಬಹುದಾ?

ನೋಡಬಹುದು, ಅಲ್ಲಿ ಒತ್ತಡ ಬೇಡ, ತಿರುಗುವಿಕೆ ಬೇಕು. ಫ್ರಾನ್ಸಿನ ಮಾರ್ಸೆಯಲ್ಲಿ ಒಂದು ಮೀಟರ್ ಅಗಲದ ನೀರಿನ ತೊಟ್ಟಿಯನ್ನು ನಿಮಿಷಕ್ಕೆ 75 ಸುತ್ತು ತಿರುಗಿಸಿ, ಗುರುವಿನ ಪಟ್ಟೆಗಳಂಥ ಎದುರುಬದುರು ಹರಿವುಗಳನ್ನು 2017ರಲ್ಲಿ ತೋರಿಸಿದರು. ಆಳದ ಹರಿವೂ ಮೇಲಿನ ಪಟ್ಟೆಯೂ ಒಂದೇ ಅನ್ನುವ ವಾದಕ್ಕೆ ಅದು ಬಲ ಕೊಟ್ಟಿತು.

ಇಂಥ ಪ್ರಯೋಗದಿಂದ ಅಪಾಯ ಇದೆಯಾ?

ಇಲ್ಲ. ಒತ್ತಡ ಭಯಂಕರವಾದರೂ ವಸ್ತುವಿನ ಪ್ರಮಾಣ ತೀರಾ ಕಡಿಮೆ, ಒಟ್ಟು ಶಕ್ತಿಯೂ ಕಡಿಮೆ. ವಜ್ರ ಒಡೆದರೆ ವಜ್ರ ಹೋಯಿತು, ಅಷ್ಟೇ.

ಇಷ್ಟು ದೊಡ್ಡ ಲೇಸರುಗಳನ್ನು ಗ್ರಹಗಳಿಗಾಗಿಯೇ ಕಟ್ಟಿದ್ದಾ?

ಅಲ್ಲ, ಇದನ್ನು ನೇರವಾಗಿ ಹೇಳಬೇಕು. ಲಿವರ್‌ಮೋರ್‌ನ ಲೇಸರ್ ಕಟ್ಟಿದ್ದು ಮುಖ್ಯವಾಗಿ ಅಮೆರಿಕದ ಅಣ್ವಸ್ತ್ರಗಳನ್ನು ಸ್ಫೋಟಿಸದೆ ಪರಿಶೀಲಿಸುವ ಕಾರ್ಯಕ್ರಮಕ್ಕೆ, ಜೊತೆಗೆ ಸಮ್ಮಿಲನ ಶಕ್ತಿಯ, ಅಂದರೆ ಹಗುರ ಪರಮಾಣುಗಳನ್ನು ಬೆಸೆದು ಪಡೆಯುವ ಶಕ್ತಿಯ, ಸಂಶೋಧನೆಗೆ. 2022ರ ಡಿಸೆಂಬರ್‌ನಲ್ಲಿ ಒಳಗೆ ಬಿಟ್ಟ ಲೇಸರ್ ಶಕ್ತಿಗಿಂತ ಜಾಸ್ತಿ ಸಮ್ಮಿಲನ ಶಕ್ತಿ ಹೊರಬಂದದ್ದು ಅಲ್ಲೇ. ಗ್ರಹ ವಿಜ್ಞಾನಿಗಳಿಗೆ ವರ್ಷದಲ್ಲಿ ಸಿಗುವ ಹೊಡೆತಗಳು ಕೆಲವೇ. ಒಂದೊಂದು ಹೊಡೆತಕ್ಕೂ ತಿಂಗಳುಗಟ್ಟಲೆ ತಯಾರಿ.

ಭಾರತದಲ್ಲಿ ಈ ಕೆಲಸ ಇದೆಯಾ?

ವಜ್ರದ ಉಪಕರಣದ ಕೆಲಸ ಇದೆ, ಅದೂ ಗಟ್ಟಿಯಾಗಿ. ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಇಂದೋರಿನ ಇಂಡಸ್-2 ಸಿಂಕ್ರೋಟ್ರಾನ್ (ಬಲವಾದ ಎಕ್ಸ್-ರೇ ಕೊಡುವ ಯಂತ್ರ), ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಗಳಲ್ಲಿ ಅತಿ ಒತ್ತಡದಲ್ಲಿ ವಸ್ತುಗಳ ಅಧ್ಯಯನ ನಡೆದಿದೆ. ಗುರುವಿನ ಆಳಕ್ಕೆ ಒಯ್ಯುವಷ್ಟು ದೊಡ್ಡ ಲೇಸರ್ ನಮ್ಮಲ್ಲಿಲ್ಲ.

ಬೆಂಗಳೂರಿಗೆ ಈ ವಿದ್ಯೆಯ ಜೊತೆ ಹಳೆಯ ನಂಟೂ ಇದೆ. ವಜ್ರಗಳ ನಡುವೆ ಹಿಂಡಿದ ಹೈಡ್ರೋಜನ್ ಅಣು ಹೇಗೆ ಕಂಪಿಸುತ್ತಿದೆ ಅಂತ ಜಗತ್ತಿನಾದ್ಯಂತ ಅಳೆಯುವುದು ರಾಮನ್ ಪರಿಣಾಮದಿಂದ. ಸಿ.ವಿ. ರಾಮನ್ ಅವರ ಜೊತೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಕೆಲಸ ಮಾಡಿದ್ದ ಎ. ಜಯರಾಮನ್ ಆಮೇಲೆ ಅಮೆರಿಕದ ಬೆಲ್ ಲ್ಯಾಬ್ಸ್‌ಗೆ ಹೋಗಿ ಅತಿ ಒತ್ತಡದ ಭೌತಶಾಸ್ತ್ರದ ದೊಡ್ಡ ಹೆಸರಾದರು. ವಜ್ರದ ಉಪಕರಣದ ಬಗ್ಗೆ 1983ರಲ್ಲಿ ಅವರು ಬರೆದ ದೀರ್ಘ ಲೇಖನವನ್ನು ಈ ಕ್ಷೇತ್ರಕ್ಕೆ ಬರುವವರು ಇವತ್ತಿಗೂ ಓದುತ್ತಾರೆ.

ಈಗ ಮುಖ್ಯವಾಗಿ ಏನು ತಿಳಿಯಬೇಕಿದೆ?

ಬೆರೆಯುವಿಕೆ. ಜೂನೋ ಅಳತೆಗಳ ಪ್ರಕಾರ ಗುರುವಿನ ತಿರುಳು ಗಟ್ಟಿ ಉಂಡೆಯಲ್ಲ, ಕಲ್ಲು-ನೀರಿನ ಭಾರ ಧಾತುಗಳು ಹೈಡ್ರೋಜನ್ ಜೊತೆ ಬೆರೆತು ಬಹಳ ದೂರ ಹರಡಿವೆ. ಶನಿಯಲ್ಲೂ ಹಾಗೇ ಇದೆ ಅಂತ ಅದರ ಬಳೆಗಳಲ್ಲಿ ಏಳುವ ಅಲೆಗಳನ್ನು ಓದಿ 2021ರಲ್ಲಿ ಹೇಳಿದರು. ಕಲ್ಲು ಲೋಹದ ಹೈಡ್ರೋಜನ್‌ನಲ್ಲಿ ಕರಗಬಹುದು ಅಂತ ಲೆಕ್ಕಗಳು ಹೇಳುತ್ತವೆ. ಅದನ್ನು ಕೋಟಿ ಪಟ್ಟು ಒತ್ತಡದಲ್ಲಿ ಪ್ರಯೋಗ ಮಾಡಿ ತೋರಿಸುವುದು ಮುಂದಿನ ಕಷ್ಟದ ಕೆಲಸ, ಏಕೆಂದರೆ ಎರಡು ವಸ್ತು ಒಂದರಲ್ಲೊಂದು ಕರಗಲು ಹೊತ್ತು ಬೇಕು, ಲೇಸರ್ ಕೊಡುವುದು ನ್ಯಾನೋಸೆಕೆಂಡ್.

ಯುರೇನಸ್ ಇನ್ನೊಂದು. ನೆಪ್ಚೂನ್ ಸೂರ್ಯನಿಂದ ಪಡೆಯುವುದರ ಎರಡೂವರೆ ಪಟ್ಟಿನಷ್ಟು ಶಾಖ ಹೊರಗೆ ಬಿಡುತ್ತದೆ. ಹೆಚ್ಚುಕಡಿಮೆ ಅದೇ ಗಾತ್ರದ ಯುರೇನಸ್ ತೀರಾ ಸ್ವಲ್ಪ ಬಿಡುತ್ತದೆ. ಒಳಗೆ ಯಾವುದೋ ಪದರ ಶಾಖವನ್ನು ತಡೆಹಿಡಿದಿದೆಯಾ ಅನ್ನುವುದಕ್ಕೆ ನೀರು, ಅಮೋನಿಯಾ, ಮೀಥೇನ್ ಮೂರೂ ಬೆರೆತಾಗ ಏನಾಗುತ್ತದೆ ಅಂತ ಗೊತ್ತಿರಬೇಕು. ಇದುವರೆಗಿನ ಒಳ್ಳೆಯ ಅಳತೆಗಳಲ್ಲಿ ಬಹುಪಾಲು ಒಂದೊಂದೇ ವಸ್ತುವಿನವು, ಇಲ್ಲವೇ ಪ್ಲಾಸ್ಟಿಕ್‌ನವು. ಅಮೆರಿಕದ ಗ್ರಹ ವಿಜ್ಞಾನಿಗಳು 2022ರಲ್ಲಿ ಮುಂದಿನ ದೊಡ್ಡ ನೌಕೆ ಯುರೇನಸ್‌ಗೆ ಹೋಗಬೇಕು ಅಂತ ಶಿಫಾರಸು ಮಾಡಿದ್ದಾರೆ. ಆ ನೌಕೆ ಅಲ್ಲಿಂದ ಗುರುತ್ವದ, ಕಾಂತಕ್ಷೇತ್ರದ ಅಂಕಿ ಕಳಿಸುವ ಹೊತ್ತಿಗೆ ಮಿಶ್ರಣದ ಅಳತೆಗಳು ಲ್ಯಾಬಿನಲ್ಲಿ ಸಿದ್ಧವಾಗಿರಬೇಕು.